ಹೃದಯದ ಗೆರೆಯೂ ಅಳತೆಗೋಲೂ

ಹೊಸೂರಿನ ಕಡೆಯಿಂದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಿಬರುವವರ ಕೈಯಲ್ಲಿ, ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕದಿಂದ ಹರಿದಂತಿರುವ ಕಾಗದವೊಂದಿರುತ್ತದೆ. ಅದೇ ಇ.ಸಿ.ಜಿ. ಮನುಷ್ಯಹೃದಯದ ಅತ್ಯಲ್ಪ ವಿದ್ಯುತ್ತನ್ನು ಶರೀರದ ಮೇಲ್ಮೈಯಿಂದಲೇ 1887ರಲ್ಲಿ ಮೊದಲು ದಾಖಲಿಸಿದವನು ಲಂಡನ್ನಿನ ವಾಲರ್. ಅದನ್ನು ವೈದ್ಯರ ಸಾಧನವಾಗಿಸಿದ ಹಾಲೆಂಡಿನ ಐಂತೋವನ್ 1924ರ ನೊಬೆಲ್ ಪಾರಿತೋಷಕವನ್ನು ಪಡೆದನು.

ಈ ಗೆರೆ ಇಂದಿನ ರೋಗವನ್ನಷ್ಟೇ ಹೇಳುವುದೋ, ಮುಂದಿನದನ್ನೂ ಸೂಚಿಸುವುದೋ? ಅಮೆರಿಕೆಯ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ತೊಡಗಿದ ಅಧ್ಯಯನವು 5,209 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಎಡ ಹೃತ್ಕುಕ್ಷಿ ದಪ್ಪಗಾದ ಗುರುತು ಗೆರೆಯಲ್ಲಿ ಕಂಡವರಿಗೆ ಮುಂದೆ ಹೃದ್ರೋಗದ ಸಂಭವ ಹೆಚ್ಚೆಂದು 1961ರಲ್ಲಿ ಆ ವೈದ್ಯರು ಪ್ರಕಟಿಸಿದರು.

ಆದರೆ ಗಂಡಿಗೂ ಹೆಣ್ಣಿಗೂ ಒಂದೇ ಅಳತೆಗೋಲು ಸಾಲದು. ಬಡಿತದ ವಿದ್ಯುತ್ ಅವಧಿಯನ್ನು ಲೆಕ್ಕಹಾಕಲು ಬ್ಯಾಜೆಟ್ ಎಂಬವನು 1920ರಲ್ಲೇ ಗಂಡಸರಿಗೆ 0.37, ಹೆಂಗಸರಿಗೆ 0.40 ಎಂದು ಬೇರೆ ಬೇರೆ ಸ್ಥಿರಾಂಕಗಳನ್ನು ಕೊಟ್ಟಿದ್ದನು. 1980ರ ದಶಕದಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯರು, ಗೆರೆಯ ಒಂದೆಡೆಯ ಏರನ್ನೂ ಇನ್ನೊಂದೆಡೆಯ ಇಳಿತವನ್ನೂ ಕೂಡಿಸಿ, ಗಂಡಸರಲ್ಲಿ 28 ಮಿಲಿಮೀಟರ್, ಹೆಂಗಸರಲ್ಲಿ 20 ಮಿಲಿಮೀಟರ್ ಮೀರಿದರೆ ಹೃತ್ಕುಕ್ಷಿ ದಪ್ಪಗಾಗಿದೆಯೆಂದು ತಿಳಿಯಬೇಕೆಂದರು. ಗಂಡಸಿನ ಮಿತಿಯನ್ನೇ ಹಿಡಿದರೆ, ಮೊತ್ತ 24 ಬಂದ ತಾಯಿಯೊಬ್ಬಳು ನಿರೋಗಿಯೆನಿಸಿ ಮನೆಗೆ ಮರಳುವಳು. ಅವಳ ಏದುಸಿರು ಒಲೆಯ ಮುಂದಿನ ಆಯಾಸವೆಂದೇ ಎಣಿಕೆಯಾಗುವುದು. ತಪ್ಪು ಇನ್ನೊಂದು ದಿಕ್ಕಿನಲ್ಲೂ ಉಂಟು: ನಡೆಸಿ ತೆಗೆಯುವ ಇ.ಸಿ.ಜಿ., ರಕ್ತನಾಳ ಕಿರಿದಾಗದ ಸ್ತ್ರೀಯರಲ್ಲಿಯೂ ರೋಗವಿದೆಯೆಂದು ಪುರುಷರಿಗಿಂತ ಹೆಚ್ಚಾಗಿ ತೋರಿಸಿಬಿಡುತ್ತದೆ.