ಲಗಾನ್ ಕಾಲೇಜಿನ ಮೊದಲ ಮಕ್ಕಳು

1981ರ ಬೇಸಿಗೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರಕ್ಕೆ ಘೋರವಾಗಿ ಬಂತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿ ಮೇಜ್ ಸೆರೆಮನೆ ಸೇರಿ, ಅಲ್ಲಿ ಉಪವಾಸ ಹಿಡಿದಿದ್ದ ಇಪ್ಪತ್ತೇಳರ ಕ್ಯಾಥೊಲಿಕ್ ತರುಣ ಬಾಬಿ ಸ್ಯಾಂಡ್ಸ್ ಮೇ 5ರಂದು ಪ್ರಾಣ ಬಿಟ್ಟ. ಆಗಸ್ಟ್ ಮುಗಿಯುವುದರೊಳಗೆ ಇನ್ನೂ ಒಂಬತ್ತು ಮಂದಿ ಅದೇ ದಾರಿ ಹಿಡಿದರು. ಕ್ಯಾಥೊಲಿಕರ ಕೇರಿಗಳು ಶೋಕದಲ್ಲಿ ಕುದಿದವು. ಪ್ರೊಟೆಸ್ಟೆಂಟರ ಕೇರಿಗಳು ಭಯದಲ್ಲಿ ಬಾಗಿಲು ಹಾಕಿಕೊಂಡವು.

ಆ ನಾಡಿನಲ್ಲಿ ಹರೆಯದವರು ಪರಸ್ಪರ ದ್ವೇಷಿಸುತ್ತಿದ್ದರು ಎನ್ನುವುದು ಅರ್ಧ ಸತ್ಯ. ಬಹಳ ಮಂದಿಗೆ ದ್ವೇಷಿಸಲು ಬೇಕಾದಷ್ಟು ಪರಿಚಯವೂ ಇರಲಿಲ್ಲ. ಹೊಸಬರು ಎದುರಾದರೆ ಯಾವ ಶಾಲೆ ಎಂದು ಕೇಳಿದರೆ ಸಾಕು, ಮತ ತಿಳಿಯುತ್ತಿತ್ತು. ಒಂದು ಕಡೆಯವರು ಹರ್ಲಿಂಗ್ ಆಡಿದರೆ ಇನ್ನೊಂದು ಕಡೆಯವರು ರಗ್ಬಿ ಆಡುತ್ತಿದ್ದರು. ಈ ಬೇರ್ಪಡಿಕೆಗೆ ಹಳೆಯ ಬೇರಿತ್ತು. ಉತ್ತರ ಐರ್ಲೆಂಡಿನ ಮೊದಲ ಶಿಕ್ಷಣ ಮಂತ್ರಿ ಲಾರ್ಡ್ ಲಂಡನ್‌ಡೆರಿ 1923ರಲ್ಲೇ ಎಲ್ಲ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂರಿಸುವ ಕಾಯಿದೆ ತಂದಿದ್ದರು. ಬೇರೆ ಯಾವುದಕ್ಕೂ ಒಂದಾಗದ ಎರಡೂ ಕಡೆಯ ಧರ್ಮಗುರುಗಳು ಅದನ್ನು ವಿರೋಧಿಸುವುದರಲ್ಲಿ ಒಂದಾದರು. ಕಾಯಿದೆಯ ಸತ್ವ ಬಸಿದುಹೋಯಿತು. ಆ ಸೋಲಿಗೆ ಮುಂದಿನ ತಲೆಮಾರುಗಳು ತೆತ್ತ ಬೆಲೆ ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಅರ್ಧ ಶತಮಾನದ ಮೇಲೆ ಆ ಕನಸನ್ನು ಕೈಗೆತ್ತಿಕೊಂಡವರು ಸಾಮಾನ್ಯ ತಂದೆತಾಯಿಯರು. ‘ಆಲ್ ಚಿಲ್ಡ್ರನ್ ಟುಗೆದರ್’ ಎಂಬ ಅವರ ಸಂಘಟನೆಯ ಒತ್ತಾಸೆಯಿಂದ 1978ರಲ್ಲಿ, ಇದ್ದ ಶಾಲೆಗಳು ಎರಡೂ ಕಡೆಯ ಮಕ್ಕಳು ಕೂಡಿ ಓದುವ ಸಂಯುಕ್ತ ಶಾಲೆಗಳಾಗಲು ಕಾನೂನು ಅವಕಾಶ ಕೊಟ್ಟಿತು. ಒಂದು ಶಾಲೆಯೂ ಮುಂದೆ ಬರಲಿಲ್ಲ. ಆಗ ಅವರು ತಾವೇ ಶಾಲೆ ಕಟ್ಟಲು ಹೊರಟರು. ಸರ್ಕಾರದ ಹಣವಿಲ್ಲ, ಸ್ವಂತ ಕಟ್ಟಡವಿಲ್ಲ. ಉಪವಾಸದ ಸಾವುಗಳ ಬಿಸಿ ಆರದ ಸೆಪ್ಟೆಂಬರಿನಲ್ಲಿ, ಸ್ಕೌಟ್ ದಳದ ಸಭಾಂಗಣವೊಂದರಲ್ಲಿ ಲಗಾನ್ ಕಾಲೇಜು ತೆರೆಯಿತು. ಬಂದವರು 28 ಮಕ್ಕಳು. ಹೊರಗೆ ಹಿರಿಯರು ಶವಯಾತ್ರೆಗಳ ಲೆಕ್ಕ ಹಿಡಿದಿದ್ದ ಹೊತ್ತಿನಲ್ಲಿ ಈ ಎಳೆಯರು ಒಂದೇ ಬೆಂಚಿನಲ್ಲಿ ಕುಳಿತು ಗಣಿತ ಕಲಿತರು. ಅವರನ್ನು ಅಲ್ಲಿಗೆ ಕಳುಹಿಸಿದ ತಾಯಂದಿರ ಧೈರ್ಯ ಯಾವ ಸೇನಾನಿಯ ಧೈರ್ಯಕ್ಕೂ ಕಡಿಮೆಯದಲ್ಲ.

1989ರಲ್ಲಿ ಸಂಯುಕ್ತ ಶಿಕ್ಷಣಕ್ಕೆ ಪ್ರೋತ್ಸಾಹ ಕೊಡುವುದು ಸರ್ಕಾರದ ಕರ್ತವ್ಯವೆಂದು ಕಾನೂನಾಯಿತು. 1998ರ ಮೇ 19ರಂದು, ಹಗೆ ಮುಗಿಸುವ ಶಾಂತಿ ಒಪ್ಪಂದಕ್ಕೆ ಜನರ ಮತ ಕೋರಿ, ಬೆಲ್‌ಫಾಸ್ಟಿನ ವಾಟರ್‌ಫ್ರಂಟ್ ಸಭಾಂಗಣದಲ್ಲಿ ಕಿಕ್ಕಿರಿದ ಹರೆಯದವರ ಮುಂದೆ, ಗಾಯಕ ಬೋನೊ ಕ್ಯಾಥೊಲಿಕರ ನಾಯಕ ಜಾನ್ ಹ್ಯೂಮ್ ಹಾಗೂ ಪ್ರೊಟೆಸ್ಟೆಂಟರ ನಾಯಕ ಡೇವಿಡ್ ಟ್ರಿಂಬಲ್ ಇಬ್ಬರ ಕೈಗಳನ್ನು ಮೇಲೆತ್ತಿ ಹಿಡಿದ. ಮೂರು ದಿನಗಳ ತರುವಾಯ ನೂರಕ್ಕೆ 71 ಮತಗಳು ಶಾಂತಿ ಒಪ್ಪಂದದ ಪರ ಬಿದ್ದವು. ಆ ಒಪ್ಪಂದದಲ್ಲಿ ಸೆರೆವಾಸಿಗಳ ಬಿಡುಗಡೆ, ಶಸ್ತ್ರತ್ಯಾಗಗಳ ಜೊತೆಗೆ ಸಂಯುಕ್ತ ಶಾಲೆಗಳಿಗೆ ಪ್ರೋತ್ಸಾಹದ ಮಾತೂ ಸೇರಿತ್ತು. ಆದರೂ ಅಲ್ಲಿನ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಪಾಲು ಇಂದಿಗೂ ಅಂಥ ಶಾಲೆಗಳ ಹೊರಗೇ ಓದುತ್ತಿದ್ದಾರೆ.