ಹೊಗೆಯ ತಡೆ, ಹಾಸಿಗೆಯ ಚಲನೆ: ಆಸ್ಪತ್ರೆಗಳ ಅಗ್ನಿಸುರಕ್ಷಾ ಯೋಜನೆಯ ವಿವೇಚನೆ

ಬೆಂಕಿ ಹೊತ್ತಿದ ಕಟ್ಟಡದಿಂದ ಒಳಗಿದ್ದವರು ಬೇಗ ಹೊರಬರಬೇಕು ಎಂಬುದು ಅಗ್ನಿಸುರಕ್ಷೆಯ ಸಾಮಾನ್ಯ ನಿಯಮ. ಶಾಲೆ, ಕಚೇರಿ, ಚಿತ್ರಮಂದಿರಗಳ ಬಾಗಿಲು, ಮೆಟ್ಟಿಲು, ಸೂಚನಾ ಫಲಕಗಳು ಇದನ್ನೇ ನಂಬಿ ರೂಪುಗೊಂಡಿವೆ. ಆಸ್ಪತ್ರೆಯಲ್ಲಿ ಈ ನಿಯಮ ಅರ್ಧದಾರಿಗೇ ನಿಲ್ಲುತ್ತದೆ. ವೆಂಟಿಲೇಟರ್ ಮೇಲಿರುವವರು, ಶಸ್ತ್ರಚಿಕಿತ್ಸೆಯ ಮಧ್ಯದಲ್ಲಿರುವವರು, ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಲ್ಪಟ್ಟವರು, ವಾರ್ಮರ್‌ನಲ್ಲಿರುವ ನವಜಾತ ಶಿಶುಗಳು ಎಚ್ಚರಿಕೆಯ ಗಂಟೆ ಕೇಳಿ ಎದ್ದು ಓಡಲಾರರು. ಹೊರಗೆ ಸಾಗಿಸಿದ ಮಾತ್ರಕ್ಕೆ ಅವರ ಜೀವ ಉಳಿಯುತ್ತದೆಂದೂ ಇಲ್ಲ. ಹಾಗಾಗಿ ಆಸ್ಪತ್ರೆಯ ಅಗ್ನಿಸುರಕ್ಷೆಯನ್ನು ಎರಡು ಪ್ರಶ್ನೆಗಳಿಂದ ಅಳೆಯಬೇಕಾಗುತ್ತದೆ: ಒಂದು ವಾರ್ಡಿನ ಹೊಗೆಯನ್ನು ಪಕ್ಕದ ವಾರ್ಡಿಗೆ ಹೋಗದಂತೆ ಎಷ್ಟು ಹೊತ್ತು ತಡೆಯಬಹುದು? ಅಷ್ಟರೊಳಗೆ, ಆ ಪಾಳಿಯಲ್ಲಿರುವ ಸಿಬ್ಬಂದಿಯಿಂದಲೇ, ರೋಗಿಗಳನ್ನು ಅದೇ ಅಂತಸ್ತಿನ ಸುರಕ್ಷಿತ ಭಾಗಕ್ಕೆ ಸಾಗಿಸಲು ಸಾಧ್ಯವೇ?

ಹೊಗೆ ಹರಡುವ ದಾರಿಗಳು

ಕಟ್ಟಡಗಳ ಬೆಂಕಿಯಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಪ್ರಾಣ ತೆಗೆಯುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಲದಿಂದ ಅಂಟಿಕೊಳ್ಳುತ್ತದೆ. ಉಸಿರಾಟದ ತೊಂದರೆಗೇ ದಾಖಲಾದ ರೋಗಿ ಇದನ್ನು ತಾಳಿಕೊಳ್ಳುವ ಅವಧಿ ಆರೋಗ್ಯವಂತನಿಗಿಂತ ಬಹಳ ಕಡಿಮೆ.

ಕೋಲ್ಕತ್ತದ ಢಾಕುರಿಯಾದಲ್ಲಿದ್ದ ಎಎಂಆರ್‌ಐ ಆಸ್ಪತ್ರೆಯಲ್ಲಿ 2011ರ ಡಿಸೆಂಬರ್ 9ರಂದು ಸಂಭವಿಸಿದ ದುರಂತ ಇದಕ್ಕೆ ಭಾರತದ ಅತ್ಯಂತ ಕಠೋರ ನಿದರ್ಶನ. ನಸುಕಿನಲ್ಲಿ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿತು. ವಾಹನ ನಿಲುಗಡೆಗೆಂದು ಮೀಸಲಾಗಿದ್ದ ಆ ಜಾಗದಲ್ಲಿ ಸುಡುವ ಸಾಮಗ್ರಿಗಳನ್ನು ಪೇರಿಸಲಾಗಿತ್ತು. ಬೆಂಕಿ ಬಹುಮಟ್ಟಿಗೆ ಕೆಳಗೇ ಉಳಿದರೂ ಹೊಗೆ ಹವಾನಿಯಂತ್ರಣದ ನಾಳಗಳು ಮತ್ತು ಮೆಟ್ಟಿಲುಗಳ ಮೂಲಕ ಮೇಲಿನ ಅಂತಸ್ತುಗಳನ್ನು ಸೇರಿತು. ಹೊರಗೋಡೆಗೆ ಗಾಜು ಮುಚ್ಚಿದ್ದರಿಂದ ಅದು ಹೊರಹೋಗಲು ದಾರಿಯಿರಲಿಲ್ಲ. ಗಾಜು ಒಡೆದ ಮೇಲೆಯೇ ಅಗ್ನಿಶಾಮಕ ಸಿಬ್ಬಂದಿ ಒಳಹೋಗಬೇಕಾಯಿತು. ತೀರಿಕೊಂಡ ಸುಮಾರು 90 ಮಂದಿಯಲ್ಲಿ ಬಹುತೇಕರು ಹಾಸಿಗೆಯಲ್ಲಿದ್ದ ರೋಗಿಗಳು. ಅವರು ಸತ್ತದ್ದು ಉಸಿರುಕಟ್ಟಿ. ರೋಗಿಗಳನ್ನು ಉಳಿಸಲು ಹೋಗಿ ಕೇರಳ ಮೂಲದ ಇಬ್ಬರು ದಾದಿಯರೂ ಪ್ರಾಣ ಕಳೆದುಕೊಂಡರು.

ಹೊಗೆಯ ಈ ನಡೆ ಆಸ್ಪತ್ರೆಗಳಿಗಷ್ಟೇ ಸೀಮಿತವಲ್ಲ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ವಿದ್ಯುತ್ ಕೇಬಲ್‌ಗಳ ಲಂಬನಾಳದಿಂದ ಹಬ್ಬಿದ ಹೊಗೆ ಒಂಬತ್ತು ಮಂದಿಯ ಸಾವಿಗೆ ಕಾರಣವಾಯಿತು. ಲಿಫ್ಟಿನ ಬಾವಿ, ಕೇಬಲ್ ನಾಳ, ಬಾಗಿಲಿಲ್ಲದ ಮೆಟ್ಟಿಲಸಾಲು ಇವೆಲ್ಲ ಬೆಂಕಿಯ ಸಮಯದಲ್ಲಿ ಅಡುಗೆಮನೆಯ ಹೊಗೆಗೂಡಿನಂತೆ ವರ್ತಿಸುತ್ತವೆ. ಕೇಬಲ್ ಅಥವಾ ಪೈಪು ಗೋಡೆ, ಚಾವಣಿಗಳನ್ನು ಹಾಯುವ ಪ್ರತಿಯೊಂದು ರಂಧ್ರವನ್ನೂ ಬೆಂಕಿ ನಿರೋಧಕ ವಸ್ತುವಿನಿಂದ ಮುಚ್ಚುವುದು, ಹವಾನಾಳಗಳಲ್ಲಿ ತಾನಾಗಿ ಮುಚ್ಚಿಕೊಳ್ಳುವ ಡ್ಯಾಂಪರ್ ಅಳವಡಿಸುವುದು, ಹೊಗೆ ಪತ್ತೆಯಾದೊಡನೆ ಹವಾನಿಯಂತ್ರಣ ನಿಲ್ಲುವಂತೆ ಜೋಡಿಸುವುದು ಈ ಕಾರಣಕ್ಕೆ ಅನಿವಾರ್ಯ. ಹೊಸ ಇಂಟರ್‌ನೆಟ್ ತಂತಿ ಎಳೆಯಲು ಕೊರೆದು ಹಾಗೇ ಬಿಟ್ಟ ಒಂದು ತೂತು ಇಡೀ ವ್ಯವಸ್ಥೆಯನ್ನು ದುರ್ಬಲಗೊಳಿಸಬಲ್ಲದು.

ಆಮ್ಲಜನಕ ಮತ್ತು ವಿದ್ಯುತ್

ಆಸ್ಪತ್ರೆಯ ಬೆಂಕಿಗೆ ಇತರ ಕಟ್ಟಡಗಳಲ್ಲಿಲ್ಲದ ಇನ್ನೊಂದು ಮುಖವಿದೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಸುಮಾರು ಶೇ. 21. ಆಮ್ಲಜನಕ ತಾನಾಗಿ ಉರಿಯುವುದಿಲ್ಲ. ಆದರೆ ಅದರ ಪ್ರಮಾಣ ಕೆಲವೇ ಅಂಶ ಏರಿದರೂ ಹೊದಿಕೆ, ಪರದೆ, ಪ್ಲಾಸ್ಟಿಕ್ ನಳಿಕೆಗಳು ಬೇಗ ಹೊತ್ತಿಕೊಂಡು ರಭಸದಿಂದ ಉರಿಯುತ್ತವೆ. ಹೈ ಫ್ಲೋ ಸಾಧನವೊಂದು ಒಬ್ಬ ರೋಗಿಗೆ ನಿಮಿಷಕ್ಕೆ 60 ಲೀಟರ್‌ವರೆಗೆ ಆಮ್ಲಜನಕಯುಕ್ತ ಗಾಳಿ ಹರಿಸಬಲ್ಲದು. ಅದರ ದೊಡ್ಡ ಪಾಲು ರೋಗಿಯ ಮುಖದ ಸುತ್ತಲೇ ಸೋರುತ್ತದೆ. ಕಿಟಕಿ ಮುಚ್ಚಿದ, ಗಾಳಿ ಸಾಕಷ್ಟು ಬದಲಾಗದ ಐಸಿಯುವಿನಲ್ಲಿ ಇಂಥ ಹಲವು ಸಾಧನಗಳು ಒಟ್ಟಿಗೆ ನಡೆದಾಗ ಹಾಸಿಗೆ ಮತ್ತು ಬಟ್ಟೆಗಳಲ್ಲಿ ಆಮ್ಲಜನಕ ತಂಗುತ್ತದೆ.

ಕಿಡಿ ಸಾಮಾನ್ಯವಾಗಿ ವಿದ್ಯುತ್ ವ್ಯವಸ್ಥೆಯಿಂದ ಬರುತ್ತದೆ. ಮೂಲ ವಿನ್ಯಾಸದಲ್ಲಿ ಲೆಕ್ಕಕ್ಕಿಲ್ಲದ ಯಂತ್ರಗಳು ಸೇರಿಕೊಂಡಾಗ, ಎಕ್ಸ್‌ಟೆನ್ಷನ್ ಬೋರ್ಡಿಗೆ ಮತ್ತೊಂದು ಬೋರ್ಡು ಚುಚ್ಚಿದಾಗ, ಹಗಲಿರುಳು ನಡೆಯುವ ಎಸಿಯ ತಂತಿಗಳು ಸಡಿಲಗೊಂಡಾಗ ಶಾಖ ಹೆಚ್ಚುತ್ತದೆ. ಕೋವಿಡ್ ಕಾಲದಲ್ಲಿ ಈ ಎರಡೂ ಅಪಾಯಗಳು ಒಂದೇ ಕೋಣೆಯಲ್ಲಿ ಕೂಡಿಕೊಂಡವು. ಅಹಮದಾಬಾದ್ ಮತ್ತು ರಾಜಕೋಟ್‌ಗಳಲ್ಲಿ 2020ರಲ್ಲೂ, ಮುಂಬೈ ಬಳಿಯ ವಿರಾರ್‌ನಲ್ಲಿ 2021ರ ಏಪ್ರಿಲ್‌ನಲ್ಲೂ ಕೋವಿಡ್ ಐಸಿಯುಗಳಿಗೆ ಬೆಂಕಿ ಬಿತ್ತು. ಕೋವಿಡ್ ವಾರ್ಡುಗಳ ಹೊರಗೂ, ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ 2021ರ ಜನವರಿ 9ರ ನಸುಕಿನಲ್ಲಿ ಬೆಂಕಿ ಹೊತ್ತಿ ಹತ್ತು ಶಿಶುಗಳು ಅಸುನೀಗಿದವು. ಏಳು ಶಿಶುಗಳನ್ನು ಉಳಿಸಲಾಯಿತು. 2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲೂ ಇಂಥದೇ ಘಟಕದಲ್ಲಿ ಹತ್ತು ಶಿಶುಗಳು ಬಲಿಯಾದವು.

ಆಮ್ಲಜನಕದ ಕೊಳವೆಗೆ ಪ್ರತಿ ವಾರ್ಡಿನ ಹೊರಗೆ ಪ್ರತ್ಯೇಕ ವಾಲ್ವ್ ಇರಬೇಕೆಂಬುದು ಸ್ಥಾಪಿತ ಪದ್ಧತಿ. ಅದನ್ನು ಮುಚ್ಚಿದರೆ ಬೆಂಕಿಯ ರಭಸ ತಗ್ಗುತ್ತದೆ. ಒಳಗಿರುವ ರೋಗಿಗಳ ಉಸಿರೂ ಅದರೊಂದಿಗೇ ನಿಲ್ಲಬಹುದು. ಆದ್ದರಿಂದ ವಾಲ್ವ್ ಮುಚ್ಚುವ ಅಧಿಕಾರ ಆ ಪಾಳಿಯಲ್ಲಿ ಯಾರದು, ಅದಕ್ಕೆ ಮುಂಚೆ ಯಾವ ರೋಗಿಗಳನ್ನು ಸಣ್ಣ ಸಿಲಿಂಡರ್ ಅಥವಾ ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗಿಗೆ ಬದಲಿಸಬೇಕು ಎಂಬುದು ಬರವಣಿಗೆಯಲ್ಲಿ ನಿಗದಿಯಾಗಿರಬೇಕು. ವಾಲ್ವಿನ ಪೆಟ್ಟಿಗೆಗೆ ಬೀಗ ಜಡಿದು ಕೀಲಿಯನ್ನು ಕಚೇರಿಯಲ್ಲಿಟ್ಟರೆ ರಾತ್ರಿ ಅದು ಇದ್ದೂ ಇಲ್ಲದಂತೆ.

ಅಡ್ಡ ಸ್ಥಳಾಂತರದ ತತ್ತ್ವ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ 1961ರ ಡಿಸೆಂಬರ್ 8ರಂದು ಕಸ ಇಳಿಸುವ ಲಂಬನಾಳದಲ್ಲಿ ಹೊತ್ತಿದ ಬೆಂಕಿ ಒಂಬತ್ತನೆಯ ಅಂತಸ್ತಿನ ಪಡಸಾಲೆಗೆ ನುಗ್ಗಿ 16 ಮಂದಿಯನ್ನು ಬಲಿ ತೆಗೆದುಕೊಂಡಿತು. ಅದೇ ಪಡಸಾಲೆಗೆ ತೆರೆದುಕೊಳ್ಳುವ ಕೋಣೆಗಳಲ್ಲಿ, ಬಾಗಿಲು ಮುಚ್ಚಿಕೊಂಡಿದ್ದ ಕಡೆ ರೋಗಿಗಳು ಬದುಕುಳಿದರು. ಈ ಘಟನೆ ಎರಡು ಪಾಠಗಳನ್ನು ಗಟ್ಟಿಗೊಳಿಸಿತು: ಚಾವಣಿ ಮತ್ತು ಗೋಡೆಗಳ ಹೊದಿಕೆ ಸುಡುವ ವಸ್ತುವಿನದಾಗಿರಬಾರದು, ಮುಚ್ಚಿದ ಗಟ್ಟಿ ಬಾಗಿಲು ತಾನೇ ಒಂದು ರಕ್ಷಣಾ ಸಾಧನ.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಮಾರ್ಗಸೂಚಿಗಳು ಹಂತಹಂತದ ಅಡ್ಡ ಸ್ಥಳಾಂತರ ಎಂಬ ಕ್ರಮವನ್ನು ಒಪ್ಪಿಕೊಂಡಿವೆ. ಪ್ರತಿ ಅಂತಸ್ತನ್ನು ಬೆಂಕಿ ತಡೆಯುವ ಗೋಡೆ, ಬಾಗಿಲುಗಳಿಂದ ಭಾಗಗಳಾಗಿ ವಿಂಗಡಿಸಲಾಗುತ್ತದೆ. ಒಂದು ಭಾಗದಲ್ಲಿ ಬೆಂಕಿ ಕಂಡರೆ ಅಲ್ಲಿನ ರೋಗಿಗಳನ್ನು ಹಾಸಿಗೆ ಸಮೇತ ಪಕ್ಕದ ಭಾಗಕ್ಕೆ ತಳ್ಳಿ ಬಾಗಿಲು ಮುಚ್ಚಲಾಗುತ್ತದೆ. ಅಲ್ಲಿಯೂ ಅಪಾಯ ಎದುರಾದಾಗ ಮಾತ್ರ ಮುಂದಿನ ಭಾಗಕ್ಕೆ, ಕೊನೆಯ ಉಪಾಯವಾಗಿ ಮೆಟ್ಟಿಲಿಗೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗದಲ್ಲೂ ಅಡ್ಡ ನಿರ್ಗಮನ ಮತ್ತು ಭಾಗವಿಂಗಡಣೆಯ ಪರಿಕಲ್ಪನೆಗಳಿವೆ.

ಈ ಕ್ರಮದ ಮಹತ್ವ ಸರಳ ಲೆಕ್ಕದಲ್ಲೇ ತಿಳಿಯುತ್ತದೆ. ಹತ್ತು ಹಾಸಿಗೆಯ ಐಸಿಯುವಿನಲ್ಲಿ ರಾತ್ರಿ ಆರು ಸಿಬ್ಬಂದಿ ಇದ್ದಾರೆಂದು ಭಾವಿಸೋಣ. ವೆಂಟಿಲೇಟರಿನ ರೋಗಿಯ ಹಾಸಿಗೆಯನ್ನು ಅದೇ ಅಂತಸ್ತಿನಲ್ಲಿ ತಳ್ಳಲು ಮೂವರು ಬೇಕು: ಇಬ್ಬರು ಹಾಸಿಗೆಗೆ, ಒಬ್ಬರು ಅಂಬು ಬ್ಯಾಗ್ ಒತ್ತಲು. ಎರಡು ತಂಡಗಳು ತಲಾ ಐದು ಸುತ್ತು ಹೋದರೆ ಕೆಲಸ ಮುಗಿಯುತ್ತದೆ. ಒಂದು ಸುತ್ತಿಗೆ ಎರಡು ನಿಮಿಷವಾದರೆ ಒಟ್ಟು ಹತ್ತು ನಿಮಿಷ. ಅದೇ ರೋಗಿಯನ್ನು ಮೆಟ್ಟಿಲಲ್ಲಿ ಇಳಿಸಲು ಹೊರುವವರು ನಾಲ್ವರು, ಉಸಿರು ಕೊಡುವವರೊಬ್ಬರು ಬೇಕು. ಎರಡು ತಂಡವೂ ಆಗುವುದಿಲ್ಲ, ಹೋದವರು ಬೇಗ ಮರಳುವುದೂ ಇಲ್ಲ. ಪಕ್ಕದ ಭಾಗದ ಬಾಗಿಲು ಹಾಸಿಗೆ ಹೋಗುವಷ್ಟು ಅಗಲವಿದೆಯೇ, ಪಡಸಾಲೆಯಲ್ಲಿ ಟ್ರಾಲಿ, ಹಳೆ ಮಂಚ, ಖಾಲಿ ಸಿಲಿಂಡರ್‌ಗಳು ಅಡ್ಡ ನಿಂತಿವೆಯೇ ಎಂಬ ಸಣ್ಣ ಸಂಗತಿಗಳೇ ಈ ಲೆಕ್ಕವನ್ನು ಉಳಿಸುತ್ತವೆ ಅಥವಾ ಕೆಡಿಸುತ್ತವೆ.

ರಾತ್ರಿ ಪಾಳಿಯ ಸಿದ್ಧತೆ

ಮೇಲೆ ಹೇಳಿದ ಕೋಲ್ಕತ್ತ, ಭಂಡಾರಾ, ಝಾನ್ಸಿಯ ಬೆಂಕಿಗಳು ರಾತ್ರಿ ಅಥವಾ ನಸುಕಿನಲ್ಲಿ ಸಂಭವಿಸಿದವು. ಆ ಹೊತ್ತಿನಲ್ಲಿ ಸುರಕ್ಷತಾ ಅಧಿಕಾರಿ, ಎಲೆಕ್ಟ್ರಿಷಿಯನ್, ಆಡಳಿತಾಧಿಕಾರಿ ಸಾಮಾನ್ಯವಾಗಿ ಮನೆಯಲ್ಲಿರುತ್ತಾರೆ. ಅಗ್ನಿಶಾಮಕ ದಳ ಬರುವ ಮುಂಚಿನ ನಿಮಿಷಗಳು ದಾದಿ, ವಾರ್ಡ್ ಬಾಯ್, ಆಯಾ ಮತ್ತು ಕಾವಲುಗಾರರ ಕೈಯಲ್ಲಿರುತ್ತವೆ. ಅವರು ಮಾಡಬೇಕಾದುದಕ್ಕೆ ಒಂದು ಅನುಕ್ರಮವಿದೆ: ಬೆಂಕಿಯ ಪಕ್ಕದಲ್ಲಿರುವವರನ್ನು ಸರಿಸುವುದು, ಎಚ್ಚರಿಕೆ ಕೊಟ್ಟು ದಳಕ್ಕೆ ಕರೆ ಮಾಡುವುದು, ಬಾಗಿಲು ಮುಚ್ಚುವುದು, ಬೆಂಕಿ ಚಿಕ್ಕದಿದ್ದರೆ ಮಾತ್ರ ಆರಿಸಲು ಯತ್ನಿಸುವುದು. ತಾವೇ ಆರಿಸುತ್ತೇವೆಂದು ಕರೆ ಮಾಡಲು ತಡಮಾಡುವುದು ಈ ಅನುಕ್ರಮವನ್ನು ತಲೆಕೆಳಗು ಮಾಡಿದಂತೆ.

ಉಪಕರಣದ ಆಯ್ಕೆಯೂ ತರಬೇತಿಯ ಭಾಗ. ವಿದ್ಯುತ್ ಯಂತ್ರಗಳ ಬೆಂಕಿಗೆ ನೀರು ಸಲ್ಲದು. ಕಾರ್ಬನ್ ಡೈಆಕ್ಸೈಡ್ ಅಥವಾ ಕ್ಲೀನ್ ಏಜೆಂಟ್ ಬೇಕು. ಎಂಆರ್‌ಐ ಕೋಣೆಗೆ ಕಬ್ಬಿಣದ ಸಿಲಿಂಡರ್ ಒಯ್ಯುವುದೇ ಅಪಾಯಕರ, ಅಲ್ಲಿ ಅಯಸ್ಕಾಂತ ಸೆಳೆಯದ ನಂದಕ ಇರಬೇಕು. ಅಣಕು ಕಾರ್ಯಾಚರಣೆಯನ್ನು ಹಗಲಿನಲ್ಲಿ ಅಂಗಳದಲ್ಲಿ ಹಚ್ಚಿದ ಬೆಂಕಿ ಆರಿಸಿ ಮುಗಿಸಿದರೆ ಸಾಲದು. ರಾತ್ರಿ ಪಾಳಿಯಲ್ಲಿ, ಆ ಪಾಳಿಯ ಸಂಖ್ಯೆಯಲ್ಲೇ, ಹಾಸಿಗೆಯ ಮೇಲೆ ಗೊಂಬೆಯನ್ನೋ ಸಿಬ್ಬಂದಿಯೊಬ್ಬರನ್ನೋ ಮಲಗಿಸಿ ಪಕ್ಕದ ಭಾಗಕ್ಕೆ ತಳ್ಳಿ ಸಮಯ ಅಳೆಯಬೇಕು. ಗುತ್ತಿಗೆ ನೌಕರರು ಆಗಾಗ ಬದಲಾಗುವುದರಿಂದ ಅಭ್ಯಾಸ ಮರುಕಳಿಸುತ್ತಿರಬೇಕು. ಪ್ರತಿ ಪಾಳಿ ಬದಲಾಗುವಾಗ ನಡೆಯಲಾರದ ರೋಗಿಗಳ ಪಟ್ಟಿಯನ್ನೂ ಹಸ್ತಾಂತರಿಸಿದರೆ ಯಾರನ್ನು ಯಾವ ಕ್ರಮದಲ್ಲಿ ಸಾಗಿಸಬೇಕೆಂಬ ಗೊಂದಲ ಕಡಿಮೆಯಾಗುತ್ತದೆ.

ಕಾನೂನು ಮತ್ತು ತಪಾಸಣೆ

ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ವಾಸ್ತವದಲ್ಲಿ ಹೊಣೆ ರಾಜ್ಯದಿಂದ ರಾಜ್ಯಕ್ಕೆ ಬೇರೆಬೇರೆಯಾಗಿದೆ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಅಧಿನಿಯಮದ ಅಡಿಯಲ್ಲಿ ರಾಜ್ಯ ಇಲಾಖೆಯೇ ಈ ಸೇವೆಯನ್ನು ನಡೆಸುತ್ತದೆ. ಕಟ್ಟಡ ಸಂಹಿತೆ ಸ್ವತಃ ಶಿಫಾರಸಿನ ರೂಪದ್ದು. ರಾಜ್ಯದ ನಿಯಮಗಳೋ ನಗರದ ಉಪವಿಧಿಗಳೋ ಅಳವಡಿಸಿಕೊಂಡಾಗಲೇ ಅದು ಬಂಧಕವಾಗುತ್ತದೆ.

ರಾಜಕೋಟ್ ದುರಂತದ ನಂತರ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೊಂಡ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 18ರ ಆದೇಶದಲ್ಲಿ ಪ್ರತಿ ಕೋವಿಡ್ ಆಸ್ಪತ್ರೆಗೂ ಅಗ್ನಿಸುರಕ್ಷೆಯ ಹೊಣೆ ಹೊರುವ ನೋಡಲ್ ಅಧಿಕಾರಿಯಿರಬೇಕು, ಜಿಲ್ಲಾ ಸಮಿತಿಗಳು ತಿಂಗಳಿಗೊಮ್ಮೆಯಾದರೂ ತಪಾಸಣೆ ನಡೆಸಬೇಕು ಎಂದು ಸೂಚಿಸಿತು. ಆದೇಶದ ತಿರುಳು ಕೋವಿಡ್‌ನಾಚೆಗೂ ಅನ್ವಯಿಸುವಂಥದು: ಸುರಕ್ಷೆಗೆ ಉತ್ತರದಾಯಿಯಾದ ಒಬ್ಬ ವ್ಯಕ್ತಿ ಇರಬೇಕು, ಪರಿಶೀಲನೆ ನಿರಂತರವಾಗಿರಬೇಕು.

ಅಗ್ನಿಶಾಮಕ ಇಲಾಖೆ ಕೊಡುವ ನಿರಾಕ್ಷೇಪಣಾ ಪತ್ರ ಒಂದು ದಿನದ ಸ್ಥಿತಿಗೆ ಸಾಕ್ಷಿ. ಆಸ್ಪತ್ರೆಯಲ್ಲಿ ಹಾಸಿಗೆಗಳು ಹೆಚ್ಚುತ್ತವೆ, ಗೋಡೆಗಳು ಕೊರೆಯಲ್ಪಡುತ್ತವೆ, ನೆಲಮಾಳಿಗೆ ಉಗ್ರಾಣವಾಗುತ್ತದೆ. ಆದ್ದರಿಂದ ತಪಾಸಣಾ ಪಟ್ಟಿ ನಂದಕಗಳ ಎಣಿಕೆಯಲ್ಲಿ ಮುಗಿಯದೆ, ಹೊಗೆ ತಡೆಯುವ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆಯೇ, ವಿದ್ಯುತ್ ಹೊರೆ ಮಂಜೂರಾದ ಮಿತಿಯಲ್ಲಿದೆಯೇ, ನೆಲಮಾಳಿಗೆ ಅನುಮತಿಸಿದ ಉಪಯೋಗದಲ್ಲೇ ಇದೆಯೇ, ಕಳೆದ ಬಾರಿಯ ರಾತ್ರಿ ಅಭ್ಯಾಸದಲ್ಲಿ ಒಂದು ವಾರ್ಡು ಖಾಲಿಯಾಗಲು ಎಷ್ಟು ನಿಮಿಷ ಹಿಡಿಯಿತು ಎಂಬ ನಾಲ್ಕು ಅಂಶಗಳನ್ನು ಕಡ್ಡಾಯವಾಗಿ ದಾಖಲಿಸಬೇಕು. ಮೊದಲ ಮೂರು ಕಟ್ಟಡದ ಗುಣವನ್ನು ಅಳೆಯುತ್ತವೆ, ನಾಲ್ಕನೆಯದು ಜನರ ಸಿದ್ಧತೆಯನ್ನು. ಬಾಗಿಲು ಹೊಗೆಯನ್ನು ತಡೆಯಬಲ್ಲ ಅವಧಿಗಿಂತ ವಾರ್ಡು ಖಾಲಿಯಾಗುವ ಅವಧಿ ಹೆಚ್ಚಿದ್ದರೆ, ಪ್ರಮಾಣಪತ್ರ ಏನೇ ಹೇಳಲಿ, ಆ ವಾರ್ಡು ಸುರಕ್ಷಿತವಲ್ಲ.