ಕಬ್ಬಿಣ ಬಿಟ್ಟ ಚಕ್ರಕ್ಕೆ ಮತ್ತೆ ಕಬ್ಬಿಣದ ಸರಪಳಿ

ರಸ್ತೆಯ ಮೇಲೆ ಬಿದ್ದ ಹಿಮವನ್ನು ತೆಗೆಯಲೇಬೇಕು ಎಂಬ ಹಟ ಮನುಷ್ಯನಿಗೆ ಬಂದದ್ದು ಈಚೆಗೆ. ಅಮೆರಿಕದ ಈಶಾನ್ಯದಲ್ಲಿರುವ ವರ್ಮಾಂಟ್‌ನಂಥ ರಾಜ್ಯಗಳ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಜನ ಹಿಮವನ್ನು ತೆಗೆಯುತ್ತಿರಲಿಲ್ಲ. ಕುದುರೆಗಳು ಎಳೆಯುವ ಭಾರಿ ಮರದ ಉರುಳೆಯಿಂದ ಒತ್ತಿ ಗಟ್ಟಿ ಮಾಡುತ್ತಿದ್ದರು. ಚಕ್ರವಿಲ್ಲದ ಸ್ಲೆಡ್ಜ್ ಗಾಡಿ ಜಾರುವುದಕ್ಕೆ ಅದೇ ಅನುಕೂಲ. ಚಾವಣಿಯಿದ್ದ ಮರದ ಸೇತುವೆಗಳ ಒಳಗೆ ಹಿಮ ಬೀಳದ ಕಾರಣ, ಹೊರಗಿನ ಹಿಮವನ್ನೇ ಹೊತ್ತು ತಂದು ಹಾಸುತ್ತಿದ್ದರಂತೆ! ಕುದುರೆ ಜಾರದಿರಲು ಲಾಳದಲ್ಲಿ ಚೂಪು ಮೊಳೆಗಳಿರುತ್ತಿದ್ದವು.

ಮೋಟಾರು ಬಂದ ಮೇಲೆ ಲೆಕ್ಕ ತಿರುಗುಮುರುಗಾಯಿತು. ಚಕ್ರಕ್ಕೆ ಬೇಕಾದುದು ಜಾರಿಕೆಯಲ್ಲ, ಹಿಡಿತ. ವಾಹನ ಸವಾರರು ಟೈರಿಗೆ ಹಗ್ಗ, ಬಳ್ಳಿ ಸುತ್ತಿಕೊಂಡು ಪಾಡುಪಡುತ್ತಿದ್ದುದನ್ನು ಕಂಡು ನ್ಯೂಯಾರ್ಕ್ ರಾಜ್ಯದ ಕನಸ್ಟೋಟ ಊರಿನ ಹ್ಯಾರಿ ವೀಡ್ ಉಕ್ಕಿನ ಸರಪಳಿಯ ಉಪಾಯ ಹೂಡಿದ ಎಂಬ ಮಾತಿದೆ. ಅದಕ್ಕೆ ಆತ ಪೇಟೆಂಟ್ ಪಡೆದದ್ದು 1904ರಲ್ಲಿ.

ಟ್ರಾಕ್ಟರಿಗೆ ಆಗಿನ್ನೂ ಈ ಚಿಂತೆ ಇರಲಿಲ್ಲ. ಅದರ ಚಕ್ರವೇ ಕಬ್ಬಿಣದ್ದು, ಮೈತುಂಬ ಮುಳ್ಳುಹಲ್ಲು. ಕೆಸರಾಗಲಿ ಮಂಜುಗಡ್ಡೆಯಾಗಲಿ ಹಲ್ಲೂರಿ ನಡೆಯುತ್ತಿತ್ತು. ಆದರೆ ಡಾಂಬರು ರಸ್ತೆಯನ್ನು ಕಿತ್ತುಹಾಕುತ್ತಿತ್ತು, ಚಾಲಕನ ಬೆನ್ನುಮೂಳೆಯನ್ನೂ ಬಿಡುತ್ತಿರಲಿಲ್ಲ. 1932ರಲ್ಲಿ ಆಲಿಸ್-ಚಾಮರ್ಸ್ ಕಂಪನಿ ತನ್ನ 'ಯು' ಮಾದರಿಗೆ ಗಾಳಿ ತುಂಬಿದ ರಬ್ಬರ್ ಟೈರು ತೊಡಿಸಿತು. ರೈತರ ಸಂಶಯ ನೀಗಿಸಲು ಮರುವರ್ಷ ಕಾರ್ ರೇಸಿನ ಹಳೆಯ ಹುಲಿ ಬಾರ್ನಿ ಓಲ್ಡ್‌ಫೀಲ್ಡ್‌ನಿಂದ ಅದನ್ನು ಗಂಟೆಗೆ 64 ಮೈಲಿ ವೇಗದಲ್ಲಿ ಓಡಿಸಿತು. 1940ರ ಹೊತ್ತಿಗೆ ಅಲ್ಲಿನ ಹೊಸ ಟ್ರಾಕ್ಟರುಗಳ ಬಹುಪಾಲು ರಬ್ಬರಿನ ಮೇಲೆಯೇ ನಿಂತಿದ್ದವು.

ವೇಗ ಬಂತು, ಸುಖ ಬಂತು. ಚಳಿಗಾಲ ಬಂದಾಗ ಮಾತ್ರ ಕಷ್ಟ. ಒಣರಸ್ತೆಯಲ್ಲಿ ರಬ್ಬರಿಗೆ ಸಿಗುವ ಹಿಡಿತದ ಏಳನೆಯ ಒಂದು ಪಾಲೂ ಕರಗುತ್ತಿರುವ ಮಂಜುಗಡ್ಡೆಯ ಮೇಲೆ ಸಿಗುವುದು ಕಷ್ಟ. ಚಕ್ರ ಗಿರ್ರನೆ ಸುತ್ತಿದರೆ ಅಡಿಯ ಹಿಮಕ್ಕೆ ಇನ್ನಷ್ಟು ಹೊಳಪು. ಹಾಲಿನ ಲಾರಿ ಕೊಟ್ಟಿಗೆಯವರೆಗೆ ಬರಬೇಕಾದ ಹೈನುಗಾರನಿಗೆ ಇದು ತಮಾಷೆಯ ವಿಷಯವಲ್ಲ. ದಾರಿ ತೆರವಾಗದಿದ್ದರೆ ಕರೆದ ಹಾಲು ಕರೆದಲ್ಲೇ ಉಳಿಯಿತು.

ಮೊದಲ ಉಪಾಯ ಭಾರ ಹೇರುವುದು. ಗದ್ದೆಯಲ್ಲಿ, ಕಬ್ಬಿನ ಟ್ರೇಲರ್ ಎಳೆಯುವಾಗ ನಮ್ಮ ರೈತರೂ ಹಿಂಬದಿ ಟೈರಿಗೆ ನೀರು ತುಂಬಿಸುವುದುಂಟು. ಹಿಮದ ನಾಡಿನಲ್ಲಿ ಬರಿ ನೀರು ಟೈರಿನೊಳಗೇ ಹೆಪ್ಪುಗಟ್ಟೀತು. ಅದಕ್ಕೇ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ ಬೆರೆಸಿ, ಟೈರಿನ ಮುಕ್ಕಾಲು ಭಾಗ ತುಂಬಿಸಿದರು. ನೀರು ಹೆಪ್ಪುಗಟ್ಟಲಿಲ್ಲ, ತೂಕವೂ ಹೆಚ್ಚಿತು. ಆದರೆ ಟ್ಯೂಬು ಸೋರಿದರೆ ರಿಮ್ಮಿಗೆ ತುಕ್ಕು. ಬೀಟ್ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ರಸವನ್ನು ತುಂಬುವ ಪದ್ಧತಿ ಬಂದುದು ಈ ತುಕ್ಕಿನ ಕಾಟದಿಂದ.

ಭಾರವೊಂದೇ ಸಾಲದಾದಾಗ ಮತ್ತೆ ವೀಡ್‌ನ ಸರಪಳಿ. ಸರಪಳಿಯ ಕೊಂಡಿ ಟ್ರಾಕ್ಟರಿನ ಭಾರವನ್ನೆಲ್ಲ ಬೆರಳಗಲ ಜಾಗಕ್ಕೆ ತಂದು ಒತ್ತುತ್ತದೆ, ಹಿಮ ಬಿರಿಯುತ್ತದೆ. ಆದರೆ ಕಾರಿನ ಸರಪಳಿಯ ರೀತಿ ಇಲ್ಲಿ ನಡೆಯಲಿಲ್ಲ. ಹೊಲದ ಟೈರಿನ ಎತ್ತರದ ರಬ್ಬರ್ ಪಟ್ಟಿಗಳ ನಡುವಿನ ಸಂದಿಗೆ ಅಡ್ಡ ಸರಪಳಿ ಜಾರಿ ಕುಳಿತರೆ, ಹಾಕಿಯೂ ಹಾಕದಂತೆಯೇ. ಹಾಗಾಗಿ ಅಡ್ಡಸಾಲುಗಳ ನಡುವೆ ಉದ್ದ ಕೊಂಡಿಗಳನ್ನೂ ಬೆಸೆದ ಜಾಲ ಬೇಕಾಯಿತು. ನಮ್ಮ ಭತ್ತದ ಗದ್ದೆಗೆ ಇಳಿಯುವ ಕೇಜ್ ವೀಲ್ ಇದರ ದಾಯಾದಿಯೇ ಸರಿ. ರಬ್ಬರು ಸೋತಲ್ಲಿ ಅಲ್ಲಿಯೂ ಕಬ್ಬಿಣವೇ ಗತಿ.

ಸರಪಳಿ ತೊಡಿಸುವುದು ಹಗುರ ಕೆಲಸವಲ್ಲ. ನೆಲದ ಮೇಲೆ ಹಾಸಿ, ಟ್ರಾಕ್ಟರನ್ನು ಅದರ ಮೇಲೆ ಹತ್ತಿಸಿ, ಕೊಂಡಿ ಬಿಗಿದು, ಸ್ವಲ್ಪ ದೂರ ಓಡಿಸಿ ಮತ್ತೆ ಬಿಗಿಯಬೇಕು. ಕೊರೆಯುವ ಚಳಿಯಲ್ಲಿ ಮರಗಟ್ಟಿದ ಬೆರಳಿಗೆ ಕೊಂಡಿ ಸಿಕ್ಕುವುದಿಲ್ಲ. ಬಲ್ಲ ರೈತರು ಮೊದಲ ಹಿಮ ಬೀಳುವ ಮುಂಚೆಯೇ, ಬಿಸಿಲಿರುವ ಒಂದು ಮಧ್ಯಾಹ್ನ, ಈ ಕೆಲಸ ಮುಗಿಸಿಡುತ್ತಾರೆ.